ಮೇಪಲ್ ಕುಕಿ ಬಿಡಲಿಲ್ಲ, ಲೆಕ್ಕಕ್ಕೆ ತಂದೆ

ಟೊರೊಂಟೊ ಪಕ್ಕದ ಬ್ರಾಂಪ್ಟನ್‌ಗೆ ಬಂದ ಮೊದಲ ಚಳಿಗಾಲದಲ್ಲೇ ನನಗೆ ಈ ಚಟ ಅಂಟಿತು. ಮೇಪಲ್ ಕುಕಿ ಅಂದರೆ ಎಲೆ ಆಕಾರದ ಎರಡು ಬಿಸ್ಕತ್ತು, ನಡುವೆ ಕ್ರೀಮು. ಸಂಜೆ ಐದಾಗುವ ಮೊದಲೇ ಕತ್ತಲು, ಹೊರಗೆ ಹಿಮ, ಕೈಯಲ್ಲಿ ಕಾಫಿ. ಒಂದು ಅಂತ ಶುರುವಾಗಿದ್ದು ನಾಲ್ಕೈದಕ್ಕೆ ಬಂದು ನಿಂತಿತ್ತು. ಮೇಪಲ್ ಮರದ ರಸದ್ದು ತಾನೆ, ಸಕ್ಕರೆ ಬಿಸ್ಕತ್ತಿಗಿಂತ ಒಳ್ಳೆಯದೇ ಅಂತ ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ.

ಆಮೇಲೆ ರಕ್ತಪರೀಕ್ಷೆಯಲ್ಲಿ, ಹಿಂದಿನ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ 6.1 ಬಂತು. ಇಲ್ಲಿ 6.0ರಿಂದ 6.4 ಇದ್ದರೆ ಶುಗರ್ ಬಾಗಿಲಿಗೆ ಬಂದಿದೆ ಅಂತ ಲೆಕ್ಕ. ಡಾಕ್ಟರ್ ಏನನ್ನೂ ಬಿಡಿ ಅನ್ನಲಿಲ್ಲ, ಒಂದು ವಾರ ತಿಂದಿದ್ದೆಲ್ಲ ಬರೆದಿಡಿ ಅಂದರು. ಬರೆಯಲು ಕೂತಾಗಲೇ ನಾನು ಮೊದಲ ಸಲ ಪ್ಯಾಕೆಟ್ ತಿರುಗಿಸಿ ಓದಿದ್ದು.

ಕೆನಡಾದಲ್ಲಿ ಸಿಹಿ ಪದಾರ್ಥಗಳನ್ನೆಲ್ಲ ‘ಸಕ್ಕರೆಗಳು’ ಅಂತ ಒಟ್ಟಿಗೆ ಹಾಕಿ, ಮುಂದೆ ಆವರಣದಲ್ಲಿ ಯಾವುದು ಜಾಸ್ತಿಯೋ ಅದನ್ನು ಮೊದಲು ಬರೆಯಬೇಕು. ನನ್ನ ಪ್ಯಾಕೆಟ್ಟಿನಲ್ಲಿ ಮಾಮೂಲಿ ಸಕ್ಕರೆ ಮೊದಲು, ಗ್ಲೂಕೋಸ್ ಆಮೇಲೆ, ಮೇಪಲ್ ಸಿರಪ್ ಕಟ್ಟಕಡೆಗೆ. ಎರಡು ಕುಕಿಗೆ 160 ಕ್ಯಾಲರಿ, 12 ಗ್ರಾಂ ಸಕ್ಕರೆ, 1 ಗ್ರಾಂ ಪ್ರೋಟೀನ್, ನಾರಿನಂಶ ಸೊನ್ನೆ. ಹೆಸರು ಮೇಪಲ್, ಒಳಗೆ ಮೈದಾ, ಸಕ್ಕರೆ, ತಾಳೆ ಎಣ್ಣೆ.

ಹಾಗಾದರೆ ಸಿರಪ್ಪೇ ಜಾಸ್ತಿ ಇದ್ದಿದ್ದರೆ? ಮಾರ್ಚ್‌ನಲ್ಲಿ ಒಂದು ಮೇಪಲ್ ತೋಪಿಗೆ ಹೋಗಿದ್ದೆ. ರಾತ್ರಿ ಹೆಪ್ಪುಗಟ್ಟುವ ಚಳಿ, ಹಗಲು ಸ್ವಲ್ಪ ಬಿಸಿಲು ಇದ್ದರೆ ಮಾತ್ರ ಮರದಿಂದ ರಸ ಇಳಿಯುತ್ತದೆ. ಹಸಿ ರಸ ಕುಡಿದರೆ ನೀರು ಕುಡಿದ ಹಾಗೆ, ಸಕ್ಕರೆ ಇರುವುದು ನೂರಕ್ಕೆ ಎರಡರಷ್ಟು. ಸುಮಾರು 40 ಲೀಟರ್ ಕುದಿಸಿದರೆ 1 ಲೀಟರ್ ಸಿರಪ್. ಆ ಹಬೆ, ಆ ವಾಸನೆ, ಪಾಕ ಬಂತಾ ಅಂತ ಸೌಟು ಎತ್ತಿ ನೋಡುವುದು... ಥೇಟ್ ನಮ್ಮೂರಿನ ಆಲೆಮನೆ! ಸಾಗರದ ಕಡೆಯವಳಿಗೆ ಪಾಕದ ಹಾಗಿರುವ ಜೋನಿ ಬೆಲ್ಲ ನೆನಪಾಗದೆ ಇರುತ್ತಾ?

ಆದರೆ ಜೋನಿ ಬೆಲ್ಲವಾದರೂ ಸಿರಪ್ಪಾದರೂ ಹೊಟ್ಟೆಗೆ ಹೋದ ಮೇಲೆ ಸಕ್ಕರೆಯೇ. ಸಿರಪ್‌ನಲ್ಲಿ ಮ್ಯಾಂಗನೀಸ್, ಬಿ2 ವಿಟಮಿನ್ ಚೆನ್ನಾಗಿವೆ ಅನ್ನುವುದು ನಿಜ, ಆದರೆ ಅದು ಕಾಲು ಕಪ್ ಕುಡಿದರೆ ಸಿಗುವ ಲೆಕ್ಕ, ಕಾಲು ಕಪ್ಪಿಗೆ 50 ಗ್ರಾಂ ಮೇಲೆ ಸಕ್ಕರೆಯೂ ಬರುತ್ತದೆ. ದಿನಕ್ಕೆ 2000 ಕ್ಯಾಲರಿ ತಿನ್ನುವವರು ಇಂಥ ಸಕ್ಕರೆಯನ್ನು 50 ಗ್ರಾಂ ಒಳಗೆ, ಸಾಧ್ಯವಾದರೆ 25ರ ಒಳಗೆ ಇಟ್ಟುಕೊಳ್ಳಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನನ್ನ ನಾಲ್ಕು ಕುಕಿಗೇ 24 ಆಗಿತ್ತು, ಇನ್ನು ಕಾಫಿ ಸಕ್ಕರೆ ಬೇರೆ.

ಬಿಟ್ಟುಬಿಡಲು ಮನಸ್ಸಾಗಲಿಲ್ಲ. ಹಸಿದ ಹೊಟ್ಟೆಯಲ್ಲಿ ಕೈ ನಿಲ್ಲುವುದಿಲ್ಲ ಅಂತ ಗೊತ್ತಾಗಿತ್ತು, ಹಾಗಾಗಿ ಸಂಜೆ ಕಾಫಿಗೆ ಒಂದು ಹಿಡಿ ಹುರಿದ ಶೇಂಗಾ ಇಟ್ಟುಕೊಂಡೆ. ಕುಕಿ ಶನಿವಾರ, ಭಾನುವಾರ ಮಾತ್ರ, ಅದೂ ಪಲ್ಯ, ಬೇಳೆ ಎಲ್ಲ ಇರುವ ಮಧ್ಯಾಹ್ನದ ಊಟ ಮುಗಿದ ಮೇಲೆ, ಎರಡು. ತಟ್ಟೆಗೆ ಎರಡು ಹಾಕಿಕೊಂಡು ಡಬ್ಬ ಅಟ್ಟದ ಮೇಲೆ ಇಟ್ಟು ಬಂದು ಕೂರುತ್ತೇನೆ. ಸ್ಟೂಲ್ ಹಾಕಿ ಮತ್ತೆ ಇಳಿಸುವ ಸೋಮಾರಿತನವೇ ನನ್ನನ್ನು ಕಾಪಾಡಿದ್ದು.

ಮನೆಯಲ್ಲೂ ಮಾಡಿ ನೋಡಿದೆ. ಮೊದಲ ಸಲ ಸಕ್ಕರೆ ಬದಲು ಅಷ್ಟೇ ಸಿರಪ್ ಸುರಿದೆ. ಅದರಲ್ಲಿ ಮೂರರಲ್ಲೊಂದು ಪಾಲು ನೀರು ಅಂತ ತಲೆಗೆ ಹೊಳೆಯಲೇ ಇಲ್ಲ. ಅವನ್ ಬಾಗಿಲು ತೆಗೆದರೆ ಎಲ್ಲ ಕುಕಿ ಹರಡಿ ಸೇರಿಕೊಂಡು ಟ್ರೇ ಅಗಲದ ಒಂದೇ ದೋಸೆ, ಅಂಚು ಸೀದಿತ್ತು. ಈಗ 100 ಗ್ರಾಂ ಗೋಧಿ ಹಿಟ್ಟು, 50 ಗ್ರಾಂ ರಾಗಿ ಹಿಟ್ಟು, 75 ಗ್ರಾಂ ಬೆಣ್ಣೆ, 80 ಮಿ.ಲೀ. ಕಪ್ಪು ಸಿರಪ್, 60 ಗ್ರಾಂ ಅಕ್ರೋಟು. ಕಲಸಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು 325 ಫ್ಯಾರನ್‌ಹೀಟ್‌ನಲ್ಲಿ ಬೇಯಿಸುತ್ತೇನೆ. ಸಿರಪ್ ಬೇಗ ಕಂದುತ್ತದೆ, ಅದಕ್ಕೇ ಉರಿ ಕಡಿಮೆ. 20 ಕುಕಿ ಆಗುತ್ತವೆ. ಒಂದಕ್ಕೆ ಮೂರೂವರೆ ಗ್ರಾಂ ಸಕ್ಕರೆ, ಅಂಗಡಿಯದರಲ್ಲಿ 6. ನಾರೂ ಒಂದಿಷ್ಟು ಸಿಗುತ್ತದೆ. ಆದರೆ ಕ್ಯಾಲರಿ? ಲೆಕ್ಕ ಹಾಕಿದರೆ 85ರ ಹತ್ತಿರ, ಅಂಗಡಿಯದು 80! ಬೆಣ್ಣೆ, ಅಕ್ರೋಟು ಸುಮ್ನೆ ಬಿಡುತ್ತವಾ? ಮನೆಯದು ಅಂತ ಹತ್ತು ತಿಂದರೆ ಕಥೆ ಅದೇ.

ಆರು ತಿಂಗಳಿಗೆ 5.8 ಬಂತು. ಅದೇ ಸಮಯದಲ್ಲಿ ರಾತ್ರಿ ಊಟವಾದ ಮೇಲೆ ನಡೆಯಲೂ ಶುರು ಮಾಡಿದ್ದೆ, ಅನ್ನವನ್ನೂ ಇಳಿಸಿದ್ದೆ, ಹಾಗಾಗಿ ಎಲ್ಲ ಕುಕಿ ಕಡಿಮೆ ಮಾಡಿದ್ದರ ಪ್ರತಾಪ ಅನ್ನಲಾರೆ.

ಈ ಸಲ ಊರಿಗೆ ಹೋಗುವಾಗ ಕುಕಿ ಪ್ಯಾಕೆಟ್ ಬದಲು 540 ಮಿ.ಲೀ. ಸಿರಪ್ ಡಬ್ಬ ಒಯ್ದೆ. ಅಮ್ಮ ತೆಳ್ಳೇವಿಗೆ, ಅಂದರೆ ನಮ್ಮ ಕಡೆಯ ತೆಳು ದೋಸೆಗೆ, ಹಾಕಿಕೊಂಡು ತಿಂದರು, ಬೆರಳು ನೆಕ್ಕಿದರು. “ಜೋನಿ ಬೆಲ್ಲಕ್ಕೆ ನೀರು ಬೆರೆಸಿದ ಹಾಗಿದೆ ಮಾರಾಯ್ತಿ. ಎಷ್ಟು ದುಡ್ಡು ಕೊಟ್ಟೆ?” ಅಂದರು. ನಾನು ಹೇಳಲಿಲ್ಲ.