ಗಂಟು ಕೈಗೆ ಸಿಕ್ಕಿತ್ತು, ಮಾತು ಬಾಯಿಗೆ ಬರಲಿಲ್ಲ

ಸ್ನಾನ ಮಾಡುವಾಗ ಗಂಟು ಕೈಗೆ ಸಿಕ್ಕಿತು. ಬಲಗಡೆಯ ಬೀಜದ ಮುಂಭಾಗದಲ್ಲಿ, ಬಟಾಣಿಯಷ್ಟು ದಪ್ಪ, ಕಲ್ಲಿನ ಹಾಗೆ ಗಟ್ಟಿ. ನೋವು ಚೂರೂ ಇರಲಿಲ್ಲ. ಆಗ ನನಗೆ 29 ವರ್ಷ. ನೋವಿಲ್ಲ ಎಂದ ಮೇಲೆ ರೋಗವೂ ಇರಲಾರದು ಅಂದುಕೊಂಡು ನಾಲ್ಕು ತಿಂಗಳು ಸುಮ್ಮನಿದ್ದೆ. ಬೆನ್ನು ನೋಯತೊಡಗಿದಾಗ ವೈದ್ಯರ ಹತ್ತಿರ ಹೋದೆ, ಬೆನ್ನುನೋವು ಎಂದಷ್ಟೇ ಹೇಳಿದೆ. ‘ಬೇರೆ ಏನಾದರೂ ತೊಂದರೆ ಇದೆಯಾ?’ ಎಂದು ಅವರು ಕೇಳಿದ್ದು ಇವತ್ತಿಗೂ ನೆನಪಿದೆ. ‘ಇಲ್ಲ ಡಾಕ್ಟ್ರೇ’ ಅಂದೆ. ನೋವಿನ ಮಾತ್ರೆ ಬರೆದುಕೊಟ್ಟರು. ನಾನು ಬಾಯಿ ಬಿಡದಿದ್ದರೆ ಅವರಿಗೆ ಹೇಗೆ ತಿಳಿಯಬೇಕು?

ಮತ್ತೆ ಮೂರು ವಾರ ಬಿಟ್ಟು, ಅಣ್ಣನ ಮುಂದೆ ಹೇಗೋ ಬಾಯಿಬಿಟ್ಟೆ. ಅವನೇ ಕರೆದುಕೊಂಡು ಹೋದ. ಅಲ್ಲಿಂದ ಎಲ್ಲವೂ ಬೇಗ ಬೇಗ ನಡೆಯಿತು. ಅಲ್ಟ್ರಾಸೌಂಡ್ ಸ್ಕ್ಯಾನ್ ಆಯಿತು. ರಕ್ತದಲ್ಲಿ ಎಎಫ್‌ಪಿ, ಬೀಟಾ ಎಚ್‌ಸಿಜಿ, ಎಲ್‌ಡಿಎಚ್ ಎಂಬ, ಗಡ್ಡೆಯ ಸುಳಿವು ಕೊಡುವ ಮೂರು ಪರೀಕ್ಷೆ ಮಾಡಿದರು. ಒಂದು ವಾರದೊಳಗೆ ಶಸ್ತ್ರಚಿಕಿತ್ಸೆ ಮಾಡಿ ಆ ಬೀಜವನ್ನು ತೆಗೆದರು. ಕೊಯ್ದದ್ದು ಚೀಲದ ಮೇಲಲ್ಲ, ತೊಡೆಸಂದಿನ ಮೇಲ್ಭಾಗದಲ್ಲಿ. ಚೀಲಕ್ಕೆ ಸೂಜಿ ಚುಚ್ಚಿ ಚೂರು ತೆಗೆದು ನೋಡುವ ಕ್ರಮ ಬೀಜದ ಕ್ಯಾನ್ಸರ್‌ನಲ್ಲಿ ಇಲ್ಲ, ಕ್ಯಾನ್ಸರ್ ಕಣಗಳು ಹೊಸ ದಾರಿ ಹಿಡಿಯಬಾರದು ಎಂದು. ವರದಿಯಲ್ಲಿ ಸೆಮಿನೋಮಾ ಎಂದು ಬಂತು, ವೀರ್ಯಾಣು ಹುಟ್ಟಿಸುವ ಬಗೆಯ ಕಣಗಳಿಂದ ಬೆಳೆಯುವ ಕ್ಯಾನ್ಸರ್ ಅದು. ಬೆನ್ನುನೋವಿನ ಗುಟ್ಟೂ ಆಗ ತಿಳಿಯಿತು. ತಾಯಿಯ ಗರ್ಭದಲ್ಲಿ ಬೀಜಗಳು ಹುಟ್ಟುವುದು ಮೂತ್ರಪಿಂಡದ ಹತ್ತಿರ, ಆಮೇಲೆ ಕೆಳಗಿಳಿದು ಚೀಲ ಸೇರುತ್ತವೆ. ಅದಕ್ಕೇ ಅವುಗಳ ದುಗ್ಧನಾಳಗಳು, ಅಂದರೆ ಲಿಂಫ್ ಎಂಬ ದ್ರವ ಹರಿಯುವ ಸಣ್ಣ ಕೊಳವೆಗಳು, ಇಂದಿಗೂ ಹೊಟ್ಟೆಯ ಹಿಂಭಾಗಕ್ಕೇ ಹೋಗುತ್ತವೆ. ನನ್ನ ಕ್ಯಾನ್ಸರ್ ಅದೇ ದಾರಿಯಲ್ಲಿ ಮೇಲೆ ಹತ್ತಿ, ಬೆನ್ನುಮೂಳೆಯ ಮುಂದಿನ ದುಗ್ಧಗ್ರಂಥಿಗಳಲ್ಲಿ ಕೂತಿತ್ತು. ಮೂರು ಸುತ್ತಿನ ಕೀಮೋ, ಒಟ್ಟು ಒಂಬತ್ತು ವಾರ. ಮೊದಲ ತಿಂಗಳೇ ಹೋಗಿದ್ದರೆ ಶಸ್ತ್ರಚಿಕಿತ್ಸೆಯಷ್ಟರಲ್ಲೇ ಮುಗಿಯುವ ಸಾಧ್ಯತೆ ಇತ್ತು.

ಚೇತರಿಸಿಕೊಂಡ ಮೇಲೆ ಗಂಡಸರಿಗೆ ಈ ಬಗ್ಗೆ ಹೇಳಲೇಬೇಕು ಅನ್ನಿಸಿತು. ಮೊದಲ ಸಲ ಒಂದು ಕಾರ್ಖಾನೆಯಲ್ಲಿ ಊಟದ ವಿರಾಮದ ನಂತರ ಅರ್ಧ ಗಂಟೆ ಸಮಯ ಕೊಟ್ಟರು. ಪರದೆಯ ಮೇಲೆ ಚಿತ್ರ, ಅಂಕಿಅಂಶ ಎಲ್ಲ ಹಾಕಿದೆ. 2020ರಲ್ಲಿ ಜಗತ್ತಿನಲ್ಲಿ ಸುಮಾರು 74 ಸಾವಿರ ಗಂಡಸರಿಗೆ ಹೊಸದಾಗಿ ಈ ಕಾಯಿಲೆ ಬಂತು, ಸುಮಾರು 9 ಸಾವಿರ ಜನ ತೀರಿಕೊಂಡರು ಎಂದೆ. ‘ವೃಷಣ’ ಎಂಬ ಪದವನ್ನು ಇಪ್ಪತ್ತು ಸಲವಾದರೂ ಹೇಳಿರಬೇಕು. ಎಲ್ಲರೂ ತಲೆ ತಗ್ಗಿಸಿ ಕೂತಿದ್ದರು. ಪ್ರಶ್ನೆ ಇದೆಯಾ ಎಂದಾಗ ಒಬ್ಬರೂ ಉಸಿರೆತ್ತಲಿಲ್ಲ. ಹೊರಗೆ ಬರುವಾಗ ನಡುವಯಸ್ಸಿನವರೊಬ್ಬರು ಪಕ್ಕಕ್ಕೆ ಕರೆದು, ‘ನೀವು ಹೇಳಿದ್ದು ಅಂಡವಾಯು ವಿಷಯ ತಾನೇ?’ ಎಂದು ಕೇಳಿದರು. ಆಗ ಅರ್ಥವಾಯಿತು, ಅರ್ಧ ಗಂಟೆ ಮಾತಾಡಿದರೂ ನಾನು ಯಾವ ಅಂಗದ ಬಗ್ಗೆ ಹೇಳುತ್ತಿದ್ದೇನೆ ಎಂಬುದೇ ಅವರಿಗೆ ಮುಟ್ಟಿರಲಿಲ್ಲ.

ನಮ್ಮ ಕಷ್ಟ ಅಲ್ಲೇ ಇದೆ. ‘ವೃಷಣ’ ಎನ್ನುವುದು ಪಾಠಪುಸ್ತಕದ ಮಾತು, ಯಾರೂ ಬಳಸುವುದಿಲ್ಲ. ‘ತರಡು’ ಹಳೆಯ ಪದ, ಒಳ್ಳೆಯ ಪದ, ಆದರೆ ಈಗ ಬೈಗುಳವಾಗಿಯೇ ಕಿವಿಗೆ ಬೀಳುತ್ತದೆ. ‘ಬೀಜ’ ಎಲ್ಲರಿಗೂ ಗೊತ್ತು, ಗೆಳೆಯರ ನಡುವೆ ಸಲೀಸಾಗಿ ಬರುತ್ತದೆ, ವೈದ್ಯರ ಮುಂದೆ ಗಂಟಲಲ್ಲೇ ನಿಲ್ಲುತ್ತದೆ. ಉಳಿದದ್ದು ‘ಅಲ್ಲಿ’, ‘ಕೆಳಗೆ’, ‘ಆ ಜಾಗ’. ಹೀಗೆ ಹೇಳಿದರೆ ಮೂತ್ರದ ಉರಿಯೋ, ತುರಿಕೆಯೋ ಎಂದೇ ಮಾತು ಬೇರೆ ದಾರಿ ಹಿಡಿಯುತ್ತದೆ.

ಎರಡನೇ ಸಲದಿಂದ ಪರದೆ ಬಿಟ್ಟೆ. ಶುರುವಿನಲ್ಲೇ ‘ಬೀಜ’ ಎಂದು ಜೋರಾಗಿ ಹೇಳುತ್ತೇನೆ. ಯಾರಾದರೂ ನಕ್ಕರೆ ನಗಲಿ, ಮುಗಿಯುವವರೆಗೆ ಕಾಯುತ್ತೇನೆ. ಆಮೇಲೆ ನನ್ನ ನಾಲ್ಕು ತಿಂಗಳ ಕಥೆ ಹೇಳುತ್ತೇನೆ. ಕೊನೆಯಲ್ಲಿ ಒಂದು ವಾಕ್ಯ ಕಲಿಸುತ್ತೇನೆ: ‘ಡಾಕ್ಟ್ರೇ, ನನ್ನ ಒಂದು ಬೀಜದಲ್ಲಿ ಗಟ್ಟಿ ಗಂಟು ಸಿಗ್ತಾ ಇದೆ, ಪರೀಕ್ಷೆ ಮಾಡಿ, ಸ್ಕ್ಯಾನ್ ಬೇಕಾ ನೋಡಿ.’ ಇದನ್ನು ಎಲ್ಲರ ಬಾಯಲ್ಲೂ ಹೇಳಿಸುತ್ತೇನೆ. ಮೊದಲು ಗೊಣಗುತ್ತಾರೆ, ಮೂರನೇ ಸಲಕ್ಕೆ ದನಿ ಬರುತ್ತದೆ. ನನ್ನ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದದ್ದು ಬೇರೆ ಇಲ್ಲ. ಉಳಿದದ್ದೆಲ್ಲ ಮರೆತರೂ ಈ ವಾಕ್ಯ ನೆನಪಿದ್ದರೆ ಸಾಕು.

ಕೈಗೆ ಏನು ಸಿಗುತ್ತದೆ ಎಂದು ತೋರಿಸಲು ಮೆತ್ತನೆಯ ರಬ್ಬರ್ ಚೆಂಡುಗಳನ್ನು ಬಳಸುತ್ತೇನೆ. ಒಂದರಲ್ಲಿ ಸೀಳು ಮಾಡಿ, ಮೇಲ್ಪದರದ ಕೆಳಗೇ ಮಣಿಯೊಂದನ್ನು ಇಟ್ಟು ಅಂಟಿಸಿದ್ದೇನೆ. ಇನ್ನೊಂದು ಬರೀ ಚೆಂಡು. ಎರಡನ್ನೂ ಬಟ್ಟೆಯ ಚೀಲದಲ್ಲಿ ಹಾಕಿ ಕೊಟ್ಟು, ಗಂಟು ಯಾವುದರಲ್ಲಿದೆ ಹುಡುಕಿ ಎನ್ನುತ್ತೇನೆ. ಇಲ್ಲೂ ಮೊದಲು ಒಂದು ತಪ್ಪು ಮಾಡಿದ್ದೆ. ಬೀಜದ ಹಿಂಭಾಗದಲ್ಲಿ ಮೇಲಿಂದ ಕೆಳಕ್ಕೆ ಸುರುಳಿ ದಾರದಂಥ ಮೆತ್ತನೆಯ ನಾಳವಿರುತ್ತದೆ. ವೀರ್ಯಾಣುಗಳು ಬಲಿಯುವುದು ಅದರಲ್ಲಿ, ಎಪಿಡಿಡಿಮಿಸ್ ಎನ್ನುತ್ತಾರೆ. ಇದು ಎಲ್ಲರಿಗೂ ಇರುತ್ತದೆ. ಮೊದಲ ವರ್ಷ ನಾನು ಇದನ್ನು ಹೇಳಿರಲಿಲ್ಲ. ಹಾಸ್ಟೆಲ್ಲೊಂದರಲ್ಲಿ ಮಾತಾಡಿದ ಮರುದಿನವೇ ಮೂವರು ಹುಡುಗರು ಫೋನ್ ಮಾಡಿದರು, ‘ಅಣ್ಣ, ನನಗೂ ಗಂಟಿದೆ’ ಎಂದು. ಮೂವರೂ ವೈದ್ಯರಿಗೆ ತೋರಿಸಿ ಬಂದರು. ಮೂವರಿಗೂ ಸಿಕ್ಕಿದ್ದು ಆ ನಾಳವೇ. ಅವರು ಕಳೆದ ಆ ರಾತ್ರಿಗೆ ನಾನೇ ಹೊಣೆ. ಈಗ ಎರಡೂ ಚೆಂಡಿನ ಹಿಂದೆ ಹತ್ತಿಯ ಹುರಿಯನ್ನು ಅಂಟಿಸಿದ್ದೇನೆ, ಮೊದಲು ಅದನ್ನೇ ಮುಟ್ಟಿಸುತ್ತೇನೆ. ಒಂದು ಬೀಜ ಇನ್ನೊಂದಕ್ಕಿಂತ ಸ್ವಲ್ಪ ದೊಡ್ಡದಿರುವುದು, ಒಂದು ತುಸು ಕೆಳಗೆ ಇಳಿದಿರುವುದು ಸಹಜ ಎಂದೂ ಹೇಳುತ್ತೇನೆ.

ಪ್ರತಿ ತಿಂಗಳು ತಪ್ಪದೆ ಪರೀಕ್ಷಿಸಿಕೊಳ್ಳಿ ಎಂದು ಮೊದಮೊದಲು ಒತ್ತಿ ಹೇಳುತ್ತಿದ್ದೆ. ಅದನ್ನೂ ಬಿಟ್ಟಿದ್ದೇನೆ. ಲಕ್ಷಣವೇ ಇಲ್ಲದವರಿಗೆ ಇಂಥ ತಪಾಸಣೆಯ ಅಗತ್ಯವಿಲ್ಲ, ಅದರಿಂದ ಸಾವು ಕಡಿಮೆಯಾಗುತ್ತದೆ ಎನ್ನಲು ಪುರಾವೆ ಸಾಲದು ಎಂದು ಅಮೆರಿಕದ ತಜ್ಞರ ಕಾರ್ಯಪಡೆ 2011ರಲ್ಲಿ ಹೇಳಿತು. ಕಾಯಿಲೆ ಅಪರೂಪ, ಹಬ್ಬಿದ ಮೇಲೂ ಹೆಚ್ಚಿನವರು ಗುಣವಾಗುತ್ತಾರೆ ಎಂಬುದು ಅದಕ್ಕೆ ಕಾರಣ. ಇದನ್ನು ಒಪ್ಪದ ವೈದ್ಯರೂ ಇದ್ದಾರೆ. ನನ್ನ ಮಟ್ಟಿಗೆ ನಾನು ಹೇಳುವುದು ಇಷ್ಟು: ಬಿಸಿನೀರಿನ ಸ್ನಾನದಲ್ಲಿ ಚೀಲ ಸಡಿಲವಾಗಿರುವಾಗ ಆಗಾಗ ಮುಟ್ಟಿ ನೋಡಿ, ನಿಮ್ಮದು ಹೇಗಿರುತ್ತದೆ ಎಂದು ಕೈಗೆ ಗೊತ್ತಿರಲಿ. ಹೊಸದಾಗಿ ಗಟ್ಟಿ ಜಾಗ, ಊತ, ಭಾರ, ಕಾರಣವಿಲ್ಲದೆ ಎದೆ ಊದಿ ನೋಯುವುದು, ಇಂಥದ್ದು ಕಂಡರೆ ಕಾಯಬೇಡಿ. ಸೋಂಕು ಎಂದು ಔಷಧ ಕೊಟ್ಟರೂ ಎರಡು ವಾರದಲ್ಲಿ ಊತ ಇಳಿಯದಿದ್ದರೆ ಮತ್ತೆ ಹೋಗಿ. ಇದ್ದಕ್ಕಿದ್ದಂತೆ ವಿಪರೀತ ನೋವು ಬಂದರೆ ಅದು ಬೇರೆಯೇ ವಿಷಯ, ಬೀಜ ತಿರುಚಿಕೊಂಡಿರಬಹುದು. ಅದನ್ನು ಉಳಿಸಿಕೊಳ್ಳಲು ಸುಮಾರು ಆರು ಗಂಟೆಯಷ್ಟೇ ಸಮಯವಿರುತ್ತದೆ, ತಕ್ಷಣ ಆಸ್ಪತ್ರೆಗೆ ಓಡಬೇಕು.

ಕೈಯೆತ್ತಿ ಕೇಳಿ ಎಂದರೆ ಯಾರೂ ಕೇಳುವುದಿಲ್ಲ, ಚೀಟಿ ಕೊಟ್ಟರೆ ಬರೆಯುತ್ತಾರೆ. ಚೀಟಿಗಳಲ್ಲಿ ಸದಾ ಬರುವ ಪ್ರಶ್ನೆ, ಹಸ್ತಮೈಥುನದಿಂದ ಬರುತ್ತದೆಯೇ ಎಂಬುದು. ಇಲ್ಲ. ಬಿಗಿ ಒಳಉಡುಪಿನಿಂದಲೂ ಇಲ್ಲ, ಪೆಟ್ಟು ಬಿದ್ದದ್ದರಿಂದಲೂ ಇಲ್ಲ, ಅಂಟುವುದೂ ಇಲ್ಲ. ಪೆಟ್ಟು ಬಿದ್ದಾಗ ಮುಟ್ಟಿ ನೋಡಿ, ಮೊದಲೇ ಇದ್ದ ಗಂಟು ಗೊತ್ತಾಗುವುದುಂಟು, ಅಷ್ಟೇ. ಇನ್ನೊಂದು, ಗಂಡಸುತನ ಹೋಗುತ್ತದೆಯೇ ಎಂಬುದು. ಇದಕ್ಕೆ ನಾನು ನಿಧಾನವಾಗಿ ಉತ್ತರಿಸುತ್ತೇನೆ, ಏಕೆಂದರೆ ನನ್ನ ಬಾಯಿ ಕಟ್ಟಿದ್ದೂ ಇದೇ ಭಯ. ಉಳಿದ ಬೀಜ ಚೆನ್ನಾಗಿದ್ದರೆ ಸಾಮಾನ್ಯವಾಗಿ ಹಾರ್ಮೋನಿಗೂ ಸಾಲುತ್ತದೆ, ಮಕ್ಕಳಾಗಲೂ ಸಾಲುತ್ತದೆ. ಕೀಮೋದಿಂದ ವೀರ್ಯಾಣು ಕಡಿಮೆಯಾಗಬಹುದು, ಅದಕ್ಕೆ ಮೊದಲೇ ವೀರ್ಯವನ್ನು ಶೇಖರಿಸಿಡುತ್ತಾರೆ. ನನಗೂ ಹಾಗೆ ಮಾಡಿದ್ದರು. ಅದನ್ನು ಬಳಸುವ ಪ್ರಸಂಗ ಬರಲಿಲ್ಲ, ಮಗಳಿಗೆ ಈಗ ನಾಲ್ಕು ವರ್ಷ.

ಸಾವಿನ ಪ್ರಶ್ನೆ ಬಂದಾಗ ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧದ ಕಥೆ ಹೇಳುತ್ತೇನೆ. ಬಾರ್ನೆಟ್ ರೋಸೆನ್‌ಬರ್ಗ್ ಎಂಬ ವಿಜ್ಞಾನಿ ಬ್ಯಾಕ್ಟೀರಿಯಾಗಳ ನಡುವೆ ವಿದ್ಯುತ್ ಹರಿಸಿ ನೋಡುತ್ತಿದ್ದಾಗ ಅವು ವಿಭಜನೆಯಾಗುವುದನ್ನೇ ನಿಲ್ಲಿಸಿದವು. ಕಾರಣ ವಿದ್ಯುತ್ತಲ್ಲ, ಪ್ಲಾಟಿನಂ ವಿದ್ಯುದ್ವಾರಗಳಿಂದ ನೀರಿಗೆ ಸೇರಿದ ಸಂಯುಕ್ತ. 1965ರಲ್ಲಿ ಅದು ಪ್ರಕಟವಾಯಿತು. 1974ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದ ಲಾರೆನ್ಸ್ ಐನ್‌ಹಾರ್ನ್ ಅದನ್ನು ಬೇರೆ ಔಷಧಗಳ ಜೊತೆ ಸೇರಿಸಿ ಕೊಟ್ಟಾಗ, ಹಬ್ಬಿದ ಮೇಲೆ ಬದುಕುವುದೇ ಅಪರೂಪ ಎನ್ನುವಂತಿದ್ದ ಕಾಯಿಲೆ ಗುಣವಾಗತೊಡಗಿತು. 2012ರಲ್ಲಿ ಯುವರಾಜ್ ಸಿಂಗ್ ಚಿಕಿತ್ಸೆ ಪಡೆದದ್ದೂ ಅದೇ ಐನ್‌ಹಾರ್ನ್ ಬಳಿ. ಅವರ ಗಡ್ಡೆ ಇದ್ದದ್ದು ಶ್ವಾಸಕೋಶಗಳ ನಡುವೆ, ಬೀಜದಲ್ಲಲ್ಲ, ಆದರೆ ಅದೂ ಸೆಮಿನೋಮಾವೇ. ಅವರ ಹೆಸರು ಹೇಳಿದ ಕೂಡಲೇ ಹುಡುಗರು ತಲೆ ಎತ್ತುತ್ತಾರೆ.

ಈಚೆಗೆ ತಾಯಂದಿರ ಜೊತೆಗೂ ಮಾತಾಡುತ್ತಿದ್ದೇನೆ. ಹುಟ್ಟುವಾಗ ಬೀಜ ಚೀಲಕ್ಕೆ ಇಳಿಯದ ಗಂಡುಮಕ್ಕಳಿಗೆ ಮುಂದೆ ಈ ಕಾಯಿಲೆಯ ಸಂಭವ ಹೆಚ್ಚು. ಆರು ತಿಂಗಳಾದರೂ ಇಳಿಯದಿದ್ದರೆ ಶಸ್ತ್ರಚಿಕಿತ್ಸೆಯಿಂದ ಇಳಿಸುತ್ತಾರೆ, ಒಂದೂವರೆ ವರ್ಷದೊಳಗೆ ಆದರೆ ಒಳ್ಳೆಯದು. ತಾಯಂದಿರು ನಾಚುವುದಿಲ್ಲ, ನೇರವಾಗಿ ಕೇಳುತ್ತಾರೆ, ಬರೆದುಕೊಳ್ಳುತ್ತಾರೆ.

ಹೋದ ತಿಂಗಳು ಒಬ್ಬ ಹುಡುಗ ಫೋನ್ ಮಾಡಿದ. ಎಡಗಡೆ ಊದಿಕೊಂಡಿತ್ತಂತೆ, ಮೂರನೇ ದಿನವೇ ವೈದ್ಯರ ಬಳಿ ಹೋಗಿ ಆ ವಾಕ್ಯವನ್ನು ಹೇಳಿದನಂತೆ. ಸ್ಕ್ಯಾನ್‌ನಲ್ಲಿ ಬರೀ ನೀರು ತುಂಬಿದ್ದು ಕಂಡಿತು. ‘ಸುಮ್ಮನೆ ಎಲ್ಲರಿಗೂ ತೊಂದರೆ ಕೊಟ್ಟೆನಾ ಅಣ್ಣ?’ ಎಂದ. ಇಲ್ಲಪ್ಪ ಅಂದೆ, ನೀನು ಮೂರು ದಿನದಲ್ಲಿ ಹೇಳಿದ್ದನ್ನು ಹೇಳಲು ನನಗೆ ಸುಮಾರು ಐದು ತಿಂಗಳು ಬೇಕಾಯಿತು.