ಮೊದಲು ಸವರಿ, ಆಮೇಲೆ ತಿಕ್ಕಿ: ಮಕ್ಕಳಿಗೆ ಫೆಲ್ಟ್ ಕಲಿಸುವ ಬಗೆ

ಉಣ್ಣೆಯ ಎಳೆಗಳನ್ನು ತಿಕ್ಕಿ ಒಂದಕ್ಕೊಂದು ಸಿಕ್ಕಿಸಿ ಮಾಡುವ ಬಟ್ಟೆಯೇ ಫೆಲ್ಟ್. ಅದಕ್ಕೆ ಮಗ್ಗ ಬೇಡ, ದಾರ ಬೇಡ. ಉಣ್ಣೆ, ಬೆಚ್ಚಗಿನ ನೀರು, ಸೋಪು, ಎರಡು ಕೈ ಇದ್ದರೆ ಆಯಿತು. ಆದರೂ ಮಕ್ಕಳಿಗೆ ಕಲಿಸಲು ಕೂತವರು ಒಂದೇ ಕಡೆ ಎಡವುವುದನ್ನು ಮತ್ತೆ ಮತ್ತೆ ನೋಡಿದ್ದೇನೆ. ಅದು ತಿಕ್ಕುವಾಗಿನ ಮೊದಲ ಐದು ನಿಮಿಷ.

ಮೊದಲು ಜಾಗ. ಇದಕ್ಕೆಂದೇ ಒಂದು ಕೋಣೆ ಬೇಕಿಲ್ಲ. ಮಗುವಿನ ಸೊಂಟದ ಎತ್ತರದ ಒಂದು ಮೇಜು, ಅದರ ಮೇಲೆ ಟವೆಲ್, ಟವೆಲ್ ಮೇಲೆ ಅಂಚಿರುವ ತಟ್ಟೆ. ಮೇಜಿನ ಒಂದು ಬದಿ ಒದ್ದೆ ಕೆಲಸಕ್ಕೆ, ಇನ್ನೊಂದು ಬದಿ ಒಣ ಉಣ್ಣೆಗೆ. ಇವೆರಡು ಬೆರೆಯಲೇಬಾರದು, ಒದ್ದೆ ಕೈ ತಗುಲಿದ ಉಣ್ಣೆ ಗಂಟಾಗಿ ಕೂರುತ್ತದೆ. ಉಣ್ಣೆಯನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ, ಇಲ್ಲದಿದ್ದರೆ ನುಸಿ ಹಿಡಿಯುತ್ತದೆ. ಸಿಂಕಿನ ಬಾಯಿಗೆ ಜಾಲರಿ ಹಾಕಿ.

ನೂಲದ, ಬಾಚಿದ ಮೆರಿನೋ (ನವಿರಾದ ಉಣ್ಣೆ ಕೊಡುವ ಕುರಿ ತಳಿ) ಉಣ್ಣೆ ಮಕ್ಕಳಿಗೆ ಸರಿ. ಅದು ಬೇಗ ಹೆಣೆದುಕೊಳ್ಳುತ್ತದೆ. 'ಸೂಪರ್‌ವಾಶ್' ಎಂದು ಬರೆದಿದ್ದರೆ ಬೇಡ. ಒಗೆದರೂ ಕುಗ್ಗದ ಹಾಗೆ ಮಾಡಿದ ಉಣ್ಣೆ ಅದು, ಫೆಲ್ಟ್ ಆಗುವುದೇ ಇಲ್ಲ. ಅಕ್ರಿಲಿಕ್ ಎಂಬ ಕೃತಕ ಎಳೆಯೂ ಅಷ್ಟೇ. ಮಕ್ಕಳ ಕಿಟ್‌ ಕೊಂಡರೆ ಒಳಗಿರುವುದು ನಿಜವಾದ ಉಣ್ಣೆಯೇ ಎಂದು ಓದಿ ನೋಡಿ. ಅರ್ಧ ಗಂಟೆ ತಿಕ್ಕಿದ ಮೇಲೂ ಎಳೆಗಳು ಬಿಡಿಬಿಡಿಯಾಗೇ ಇದ್ದರೆ ಮಗು ಮತ್ತೆ ಆ ಮೇಜಿನ ಹತ್ತಿರ ಬರುವುದಿಲ್ಲ.

ಈಗ ಹಾಸುವುದು. ಉಣ್ಣೆಯನ್ನು ಕತ್ತರಿಸಬೇಡಿ, ಎಳೆಯಿರಿ. ಎರಡು ಕೈ ನಡುವೆ ಒಂದು ಗೇಣು ಅಂತರ ಇರಲಿ. ಕೈ ಹತ್ತಿರವಿದ್ದರೆ ಒಂದೇ ಎಳೆಯ ಎರಡೂ ತುದಿ ಹಿಡಿದಂತಾಗಿ ಎಷ್ಟು ಜಗ್ಗಿದರೂ ಬಿಡಿಸಿಕೊಳ್ಳುವುದಿಲ್ಲ. ಬಬಲ್ ರ್ಯಾಪ್ ಮೇಲೆ 20 ಸೆಂಟಿಮೀಟರ್ ಚೌಕಕ್ಕೆ ತೆಳ್ಳಗೆ ಮೂರು ಪದರ ಹಾಸಿ: ಒಂದು ಅಡ್ಡ, ಒಂದು ಉದ್ದ, ಮತ್ತೊಂದು ಅಡ್ಡ. ಮೇಲೆ ಸೊಳ್ಳೆಪರದೆಯಂಥ ಬಟ್ಟೆ ಹೊದಿಸಿ, ಸೋಪು ಬೆರೆಸಿದ ಬೆಚ್ಚಗಿನ ನೀರು ಚಿಮುಕಿಸಿ, ಅಂಗೈಯಿಂದ ಒತ್ತಿ ಗಾಳಿ ಹೊರಡಿಸಿ.

ಇಲ್ಲಿಂದ ನಿಧಾನ. ಉಣ್ಣೆಯ ಎಳೆಯ ಮೇಲೆ ಮೀನಿನ ಹುರುಪೆಯಂಥ ಸಣ್ಣ ಪದರಗಳಿವೆ. ನೀರು, ಸೋಪು, ಬಿಸಿ ತಾಗಿದಾಗ ಅವು ತೆರೆದುಕೊಳ್ಳುತ್ತವೆ. ಕೈ ಆಡಿಸಿದಂತೆ ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಸಿಕ್ಕಿಕೊಳ್ಳುವ ಮೊದಲೇ ಜೋರಾಗಿ ತಿಕ್ಕಿದರೆ ಹಾಸಿದ ಉಣ್ಣೆ ಸರಿದು ನಡುವೆ ತೂತು ಬೀಳುತ್ತದೆ. ಆದ್ದರಿಂದ ಮೊದಲ ಐದು ನಿಮಿಷ ಸವರುವುದಷ್ಟೇ. ಮಲಗಿದ ಬೆಕ್ಕಿನ ಬೆನ್ನು ಸವರುವ ಹಾಗೆ ಅಂದರೆ ಮಕ್ಕಳಿಗೆ ತಟ್ಟನೆ ಅರ್ಥವಾಗುತ್ತದೆ. 'ಮೆಲ್ಲಗೆ ಮಾಡು' ಅಂದರೆ ಆಗುವುದಿಲ್ಲ. ಕೈ ಜಾರುವಷ್ಟು ಸೋಪು ಸಾಕು. ನೊರೆ ಉಕ್ಕಿದರೆ ಜಾಸ್ತಿಯಾಯಿತು. ಎಳೆಗಳು ಹಿಡಿದುಕೊಳ್ಳದೆ ಸುಮ್ನೆ ಜಾರುತ್ತವೆ.

ಎರಡು ನಿಮಿಷಕ್ಕೊಮ್ಮೆ ಪರದೆಯ ಒಂದು ಮೂಲೆ ಎತ್ತಿ ನೋಡಿ. ಏಳು ವರ್ಷದ ಹುಡುಗಿಯೊಬ್ಬಳು ಇದನ್ನು ಮರೆತಿದ್ದಳು. ಅವಳ ಕೆಂಪು ಎಳೆಗಳು ಪರದೆಯ ಕಣ್ಣುಗಳಲ್ಲಿ ತೂರಿ ಮೇಲೆದ್ದಿದ್ದವು, ಪರದೆಯೂ ಉಣ್ಣೆಯೂ ಒಂದೇ ಬಟ್ಟೆಯಾಗಿತ್ತು. ಅಂಥ ಹೊತ್ತಲ್ಲಿ ಕಿತ್ತೆಳೆಯಬೇಡಿ. ಒಂದು ಕೈಯಿಂದ ಉಣ್ಣೆ ಒತ್ತಿ ಹಿಡಿದು, ಪರದೆಯನ್ನು ಮೂಲೆಯಿಂದ ಮೆಲ್ಲಗೆ ಸುಲಿಯಿರಿ. ಇನ್ನೊಂದು ಮಾತು: ಮಗುವಿನ ಕೈಯಿಂದ ಕೆಲಸ ಕಸಿದುಕೊಳ್ಳಬೇಡಿ. ತೋರಿಸಬೇಕಿದ್ದರೆ ನಿಮ್ಮದೇ ಇನ್ನೊಂದು ತುಂಡು ಪಕ್ಕದಲ್ಲಿಟ್ಟುಕೊಳ್ಳಿ.

ಸವರಿದ ಮೇಲೆ ಉಣ್ಣೆಯನ್ನು ಬೆರಳಿಂದ ಚಿವುಟಿ ಎತ್ತಿ ನೋಡಿ. ಬಿಡಿ ಎಳೆ ಬಂದರೆ ಇನ್ನಷ್ಟು ಸವರಿ. ಇಡೀ ಬಟ್ಟೆಯೇ ಎದ್ದು ಬಂದರೆ ಈಗ ಬೇಕಾದಷ್ಟು ತಿಕ್ಕಲಿ. ಬಬಲ್ ರ್ಯಾಪ್ ಸಮೇತ ಸುರುಳಿ ಸುತ್ತಿ ನಾಲ್ಕೂ ದಿಕ್ಕಿಗೆ ಉರುಳಿಸಿ, ಆಮೇಲೆ ಉಂಡೆ ಮಾಡಿ ತಟ್ಟೆಗೆ ಎತ್ತೆತ್ತಿ ಹಾಕಲಿ. ಮಕ್ಕಳಿಗೆ ಇದೇ ಹಬ್ಬ, ಅಲ್ವಾ? ಚೌಕ ಸುಮಾರು 14 ಸೆಂಟಿಮೀಟರಿಗೆ ಕುಗ್ಗುತ್ತದೆ. ಇದನ್ನು ಮೊದಲೇ ಹೇಳಿಡಿ, ಇಲ್ಲವಾದರೆ ಅಳು.

ವಾಷಿಂಗ್ ಮಷಿನ್‌ಗೆ ಹಾಕುವ ಅಡ್ಡದಾರಿ ಬೇಡ. ಬಟ್ಟೆ ಬರಬಹುದು, ಕೈಗೆ ಏನೂ ತಿಳಿಯುವುದಿಲ್ಲ. ಸೂಜಿ ಫೆಲ್ಟಿಂಗ್ (ಒಣ ಉಣ್ಣೆಯನ್ನು ಸೂಜಿಯಿಂದ ಚುಚ್ಚಿ ಚುಚ್ಚಿ ಹೆಣೆಯುವುದು) ಕೂಡ ಹತ್ತು ವರ್ಷ ದಾಟಿದ ಮೇಲೆಯೇ, ಅದೂ ದೊಡ್ಡವರು ಪಕ್ಕದಲ್ಲಿದ್ದರೆ. ಆ ಸೂಜಿಯ ಮೈಯಲ್ಲಿ ಕೊಕ್ಕೆಗಳಿರುತ್ತವೆ, ತುದಿ ಮುರಿದು ಉಣ್ಣೆಯೊಳಗೇ ಉಳಿಯುವುದೂ ಉಂಟು.

ನೊರೆ ಹೋಗುವವರೆಗೆ ತೊಳೆದು, ಹಿಂಡದೆ ಟವೆಲ್‌ನಲ್ಲಿ ಒತ್ತಿ, ನೆರಳಲ್ಲಿ ಹರವಿ. ಅಂಚು ವಂಕಿವಂಕಿಯಾಗಿದ್ದರೆ ಒಣಗಿದ ಮೇಲೆ ಕತ್ತರಿ ಆಡಿಸಬಹುದು, ಎಳೆ ಬಿಚ್ಚಿಕೊಳ್ಳುವುದಿಲ್ಲ. ಆದರೆ ಮಗುವನ್ನು ಕೇಳಿ ಕತ್ತರಿಸಿ.