ಏರ್‌ಪೋರ್ಟ್ ಹಂತ ಹಂತವಾಗಿ ಕಟ್ಟೋದು ಹೆಂಗ?

ನಮ್ಮ ವಿಜಯಪುರದ ಬುರಣಾಪುರ ಕಡೆ ಏರ್‌ಪೋರ್ಟ್ ಕೆಲಸ ನೋಡಿ ಬಂದವರು ಕೇಳೋದು ಒಂದ, ಇಷ್ಟ್ ದೊಡ್ಡದನ್ನ ಪ್ಲ್ಯಾನ್ ಮಾಡೋದು ಹೆಂಗ್ರೀ ಅಂತ.

ಮೊದಲ ಜಾಗಾ. ಇವತ್ತಿಗೆ ಸಾಕಾಗೋವಷ್ಟ ಅಲ್ಲ, ಮುಂದಿನ 30-40 ವರ್ಷಕ್ಕ ಬೇಕಾಗೋದನ್ನ ಈಗ ಹಿಡೀರಿ, ಯಾಕಂದ್ರ ಆಮ್ಯಾಲ ಸುತ್ತ ಲೇಔಟ್ ಏಳ್ತಾವು, ಒಂದ್ ಎಕರೆನೂ ಸಿಗೂದಿಲ್ಲ. ಬೆಂಗಳೂರಾಗ ಸುಮಾರು 4000 ಎಕರೆ ಇತ್ತು, ಅದಕ್ಕ 2008ರಾಗ ಒಂದ ರನ್‌ವೇ ಒಂದ ಟರ್ಮಿನಲ್ ಇಟ್ಕೊಂಡು ಚಾಲೂ ಮಾಡಿ, 2019ರಾಗ ಎರಡನೇ ರನ್‌ವೇ, 2022ರಾಗ ಎರಡನೇ ಟರ್ಮಿನಲ್ ಉದ್ಘಾಟನೆ ಮಾಡಾಕ ಆತು. ಹೊಲಾ ಕೊಟ್ಟವರಿಗೆ ರೊಕ್ಕ ಮೊದಲ ಮುಟ್ಟಬೇಕ್ರಿ, ಇದ್ರಾಗ ರಾಜಿ ಬ್ಯಾಡ.

ಆಮ್ಯಾಲ ಗಾಳಿ ದಿಕ್ಕು. ವರ್ಷದ ಗಾಳಿ ಲೆಕ್ಕಾ ತಗೊಂಡು ರನ್‌ವೇ ಕೂಡಸ್ರಿ. ಬೆಳಗಾವಿ ಸಾಂಬ್ರಾ ಏರ್‌ಪೋರ್ಟಿನ ರನ್‌ವೇ ನಂಬರ್ 08/26, ಅಂದ್ರ ದಿಕ್ಸೂಚಿ ಮ್ಯಾಲ ಸುಮಾರು 80 ಮತ್ತ 260 ಡಿಗ್ರಿ, ಹೆಚ್ಚುಕಮ್ಮಿ ಪೂರ್ವ-ಪಶ್ಚಿಮ.

ಯಾವ ವಿಮಾನ ಇಳೀಬೇಕು ಅನ್ನೋದನ್ನ ಕೆಲಸಕ್ಕ ಕೈ ಹಾಕೋ ಮೊದಲ ಗಟ್ಟಿ ಮಾಡ್ಕೋರಿ, ರನ್‌ವೇ ಉದ್ದ ಅದರ ಮ್ಯಾಲ ನಿಂತದ. ವಿಜಯಪುರದ್ದು ಎಟಿಆರ್-72 ಅನ್ನೋ ಸಣ್ಣ ವಿಮಾನದ ಸಲುವಾಗಿ ಶುರು ಆಗಿ ನಡುವ ಅದಕ್ಕಿಂತ ದೊಡ್ಡ ಏರ್‌ಬಸ್ 320ಕ್ಕ ಬದಲಾತು.

ಮಣ್ಣಿನ ವಿಷಯಕ್ಕ ಮಾತ್ರ ಅವಸರ ಮಾಡಬ್ಯಾಡ್ರಿ. ನಮ್ಮ ಎರಿ (ಕಪ್ಪು ಮಣ್ಣಿನ) ಹೊಲದಾಗ ಬ್ಯಾಸಿಗ್ಯಾಗ ಕೈ ಇಳಿಯೋವಷ್ಟು ಬಿರುಕು ಬಿಡ್ತದ, ಮಳಿ ಬಿದ್ರ ಅದ ಮಣ್ಣು ಉಬ್ಬತದ, ಅದರ ಮ್ಯಾಲ ಸೀದಾ ಡಾಂಬರ್ ಹಾಕಿದ್ರ ರನ್‌ವೇ ಅಲೆಅಲೆ ಆಗ್ತದ, ಹಂಗಾಗಿ ಎರಿ ತಗದು ಗರಸು ತುಂಬಿ ಪದರ ಪದರಾಗಿ ನೀರ್ ಹೊಡದು ರೋಲರ್ ಹೊಡೀಬೇಕು.

ಟರ್ಮಿನಲ್ ಸಣ್ಣದ ಇರಲಿ, ಆದ್ರ ಬೆಳೆಯೋ ಕಡೆ ಗ್ವಾಡಿ ಒಡದು ಮುಂದುವರಸೋ ಹಂಗ ಇರಲಿ. ಗಟಾರ, ಕೇಬಲ್ ಪೈಪು ಮಾತ್ರ ಕಡೀ ಹಂತದ ಅಳತಿಗೇ ಈಗ ಹಾಕ್ರಿ, ವಿಮಾನ ಓಡಾಡೂವಾಗ ಅಗಿಯಾಕ ಬಿಡೂದಿಲ್ಲ.